ಭೂಮಿ ಹುಣ್ಣಿಮೆಯಿಂದ ಸಂಕ್ರಾಂತಿಯವರೆಗೆ

ಮಳೆಗಾಲ ಹಿಂದೆ ಸರಿದು ಹಳ್ಳಗಳ ಕೆಂಪು ನೀರು ತಿಳಿಯಾಗುವ ಹೊತ್ತಿಗೆ ಮಲೆನಾಡಿನಲ್ಲಿ ಭೂಮಿ ಹುಣ್ಣಿಮೆ ಬರುತ್ತದೆ. ಬಸುರಿಯ ಬಯಕೆ ತೀರಿಸುವಂತೆ ಫಲ ಹೊತ್ತ ಭೂಮಿಗೆ ಎಡೆ ಒಯ್ದು ಬೀರುವ ಹಬ್ಬವದು. ಅದೇ ದಿನಗಳಲ್ಲಿ ನಮ್ಮ ತೋಟಗಳ ನೆತ್ತಿಯಲ್ಲಿ ಹರಿಯುವ ಕಿರುಹಳ್ಳಗಳಲ್ಲಿಯೂ ಒಂದು ಜೀವಿಯ ಸಂತಾನದ ಋತು ಆರಂಭವಾಗುತ್ತದೆ. ನಾವು ಅದಕ್ಕೆ ಎಡೆ ಇಡುವುದಿಲ್ಲ. ಅದು ಅಲ್ಲಿದೆಯೆಂಬುದೇ ನಮ್ಮಲ್ಲಿ ಬಹುಮಂದಿಗೆ ತಿಳಿದಿಲ್ಲ.

ಹಗಲಿನಲ್ಲಿ, ನೆರಳಿರುವ ಹಳ್ಳದ ಬದಿಯಲ್ಲಿ ಕಾಲು ಗಂಟೆ ಸದ್ದಿಲ್ಲದೆ ಕುಳಿತರೆ ಅದು ಕಾಣಿಸುತ್ತದೆ. ನೀರಿನಿಂದ ಮೇಲೆದ್ದ ಒದ್ದೆ ಬಂಡೆಯ ಮೇಲೆ ಬಂಡೆಯದೇ ಬಣ್ಣದ ಒಂದು ಪುಟ್ಟ ಕಪ್ಪೆ. ಉದ್ದ ಎರಡು ಮೂರು ಸೆಂಟಿಮೀಟರು, ಅಷ್ಟೆ. ಮೊದಲು ಗಂಟಲಿನ ಬಿಳಿಯ ಚೀಲವನ್ನು ಉಬ್ಬಿಸಿ ಕೂಗುತ್ತದೆ. ಬಳಿಕ ಹಿಂಗಾಲೊಂದನ್ನು ಮೆಲ್ಲನೆ ಎತ್ತಿ, ಹಿಂದಕ್ಕೆ ನೀಳವಾಗಿ ಚಾಚಿ, ಬೆರಳುಗಳ ನಡುವಿನ ಪೊರೆಯನ್ನು ಬಿಡಿಸಿ ತೋರಿಸಿ ಮಡಚಿಕೊಳ್ಳುತ್ತದೆ. ಮತ್ತೊಂದು ಬಂಡೆಯ ಮೇಲಿನ ಗಂಡು ಅದಕ್ಕೆ ಉತ್ತರವಾಗಿ ತನ್ನ ಕಾಲನ್ನು ಚಾಚುತ್ತದೆ. ಹೀಗಾಗಿ ಇದಕ್ಕೆ ಕುಣಿಯುವ ಕಪ್ಪೆ ಎಂಬ ಹೆಸರು ಬಂದಿದೆ. ಭೋರ್ಗರೆಯುವ ನೀರಿನ ಬದಿಯಲ್ಲಿ ಕೂಗೊಂದನ್ನೇ ನಂಬಿ ಬದುಕಲಾಗದು. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವು, ಕೂಗು ಎದುರಾಳಿಯ ಗಮನವನ್ನು ಸೆಳೆಯುತ್ತದೆ, ಅದರ ಬೆನ್ನಿಗೆ ಬರುವ ಕಾಲಿನ ಸಂಕೇತವು ಎಚ್ಚರಿಕೆಯನ್ನು ತಿಳಿಸುತ್ತದೆ ಎಂದು ವಿವರಿಸಿದೆ. ಅಂದರೆ ಅದು ನಮಗೆ ಕುಣಿತ. ಕಪ್ಪೆಗೆ ತನ್ನ ಗಡಿಯ ಘೋಷಣೆ.

ಈ ಕಪ್ಪೆಯನ್ನು ಉಳಿಸುವ ಮಾತು ಬಂದಾಗಲೆಲ್ಲ ಅಭಯಾರಣ್ಯ, ಇಲಾಖೆ, ಅಧಿಸೂಚನೆಗಳ ಚರ್ಚೆಯೇ ಮುಂದಾಗುತ್ತದೆ. ನನ್ನ ಅಭಿಪ್ರಾಯ ಬೇರೆ. ಇದರ ಅಳಿವು ಉಳಿವು ಬಹುಮಟ್ಟಿಗೆ ನಿರ್ಧಾರವಾಗುವುದು ನಮ್ಮ ತೋಟಗಳ ಅಂಚಿನಲ್ಲಿ, ಅದೂ ವರ್ಷದ ಮೂರು ತಿಂಗಳಲ್ಲಿ. ಆ ಮೂರು ತಿಂಗಳು ನಾವು ಹಳ್ಳದೊಂದಿಗೆ ಹೇಗೆ ನಡೆದುಕೊಳ್ಳುತ್ತೇವೆ ಎಂಬುದನ್ನು ಕುರಿತು ಮಲೆನಾಡಿನ ರೈತಬಂಧುಗಳಲ್ಲಿಯೂ ವಿದ್ಯಾರ್ಥಿಮಿತ್ರರಲ್ಲಿಯೂ ಕೆಲವು ಮಾತುಗಳನ್ನು ಹಂಚಿಕೊಳ್ಳಬೇಕಾಗಿದೆ.

ಕೊಟ್ಟಿಗೆಹಾರದ ಹೆಸರು ಹೊತ್ತ ಕಪ್ಪೆ

ಮೂಡಿಗೆರೆಯಿಂದ ಚಾರ್ಮಾಡಿ ಘಾಟಿ ಇಳಿಯುವ ಮುನ್ನ ಬಸ್ಸುಗಳು ನಿಲ್ಲುವ ಊರು ಕೊಟ್ಟಿಗೆಹಾರ. ಪ್ರಯಾಣಿಕರಿಗೆ ಅದು ನೀರುದೋಸೆಯ ಊರು. ಪ್ರಾಣಿಶಾಸ್ತ್ರದ ವಿದ್ಯಾರ್ಥಿಗಳಿಗೆ ಅದು ಮಿಕ್ರಿಕ್ಸಾಲಸ್ ಕೊಟ್ಟಿಗೆಹಾರೆನ್ಸಿಸ್ ಎಂಬ ಕಪ್ಪೆಯ ತವರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರಜ್ಞ ಸಿ.ಆರ್. ನಾರಾಯಣರಾಯರು 1937ರಲ್ಲಿ ಈ ಕಪ್ಪೆಯನ್ನು ವಿಜ್ಞಾನಕ್ಕೆ ಪರಿಚಯಿಸಿ ಊರಿನ ಹೆಸರನ್ನೇ ಅದಕ್ಕೆ ಇಟ್ಟರು. ಅದೇ ಬರಹದಲ್ಲಿ ಹಾಸನ ಜಿಲ್ಲೆಯ ಕೆಂಪುಹೊಳೆ ಘಟ್ಟದ ಇನ್ನೊಂದು ಕುಣಿಯುವ ಕಪ್ಪೆಯನ್ನೂ ವರ್ಣಿಸಿದರು. ರಾಯರು ಕಾಲೇಜಿನಲ್ಲಿ ಜೋಪಾನವಾಗಿ ಇರಿಸಿದ್ದ ಮಾದರಿಗಳು ಮುಂದೆ ಕಳೆದುಹೋದವು. ಗಾಜಿನ ಸೀಸೆಯಲ್ಲಿದ್ದದ್ದು ಹೋಯಿತು; ಹಳ್ಳದಲ್ಲಿದ್ದದ್ದು ಉಳಿದಿತ್ತು. ಈ ಪ್ರಸಂಗವನ್ನು ನಾವು ನೆನಪಿನಲ್ಲಿಡಬೇಕು. ಒಂದು ಜೀವಿಯ ನಿಜವಾದ ಸಂಗ್ರಹಾಲಯವೆಂದರೆ ಅದು ಬದುಕುವ ನೆಲೆ. ಅದು ಕಳೆದುಹೋದರೆ ಮತ್ತೆ ಹುಡುಕಲು ಬೇರೆಡೆ ಇರುವುದಿಲ್ಲ.

ಕುಣಿಯುವ ಕಪ್ಪೆಗಳ ಕುಲ ಪಶ್ಚಿಮಘಟ್ಟದಲ್ಲಿ ಮಾತ್ರ ಇದೆ. ಜಗತ್ತಿನ ಬೇರೆಲ್ಲಿಯೂ ಇಲ್ಲ. 2014ರಲ್ಲಿ ಎಸ್.ಡಿ. ಬಿಜು ಮತ್ತು ಸಂಗಡಿಗರು ಒಮ್ಮೆಗೇ 14 ಹೊಸ ಪ್ರಭೇದಗಳನ್ನು ವರ್ಣಿಸಿದಾಗ ಕುಲದ ಒಟ್ಟು ಸಂಖ್ಯೆ 24ಕ್ಕೆ ಏರಿತು. ಸಂಖ್ಯೆ ಏರಿತೆಂದು ಸಂತೋಷಪಡುವಂತಿರಲಿಲ್ಲ. ಒಂದೇ ಎಂದು ಭಾವಿಸಿದ್ದ ಕಪ್ಪೆ ಹಲವು ಪ್ರಭೇದಗಳೆಂದು ತಿಳಿದಾಗ ಪ್ರತಿಯೊಂದರ ಪಾಲಿಗೆ ಉಳಿದ ನೆಲೆ ಇನ್ನಷ್ಟು ಕಿರಿದೆಂದೂ ತಿಳಿಯಿತು. ಕೊಟ್ಟಿಗೆಹಾರದ ಕಪ್ಪೆಯನ್ನು 2004ರಲ್ಲಿಯೇ ತೀವ್ರ ಅಳಿವಿನಂಚಿನ ಜೀವಿಗಳ ಜಾಗತಿಕ ಪಟ್ಟಿಗೆ ಸೇರಿಸಲಾಗಿತ್ತು. 2023ರಲ್ಲಿ ಪ್ರಕಟವಾದ ಜಾಗತಿಕ ಮೌಲ್ಯಮಾಪನದ ಪ್ರಕಾರ ಜಗತ್ತಿನ ಉಭಯಚರಗಳಲ್ಲಿ ಶೇಕಡ 41ರಷ್ಟು ಅಪಾಯದಲ್ಲಿವೆ. ಕುಣಿಯುವ ಕಪ್ಪೆಗಳ 24 ಪ್ರಭೇದಗಳ ಪೈಕಿ 2 ತೀವ್ರ ಅಪಾಯದಲ್ಲಿಯೂ 15 ಅಪಾಯದಲ್ಲಿಯೂ ಇವೆ. ಭಾರತದ ಉಭಯಚರಗಳಲ್ಲಿ ಇಷ್ಟು ಸಂಕಟಕ್ಕೆ ಸಿಕ್ಕ ಕುಲ ಬೇರೊಂದಿಲ್ಲ.

"ನಮ್ಮ ಹಳ್ಳದಲ್ಲಿ ಬೇಕಾದಷ್ಟಿವೆಯಲ್ಲ" ಎಂದು ಕೆಲವರು ಹೇಳುವುದುಂಟು. ಅದು ನಿಜವೂ ಹೌದು. ಕೆಲವು ಹಳ್ಳಗಳಲ್ಲಿ ಹತ್ತು ಹೆಜ್ಜೆಗೊಂದು ಕಪ್ಪೆ ಕಾಣುತ್ತದೆ. ಆದರೆ ಈ ಕಪ್ಪೆ ಹಳ್ಳ ಬಿಟ್ಟು ಬದುಕುವುದಿಲ್ಲ. ಗದ್ದೆಯ ಕಪ್ಪೆಯಂತೆ ಊರು ದಾಟಿ ಹೋಗಿ ಬೇರೊಂದು ಕೆರೆ ಸೇರುವ ಶಕ್ತಿ ಇದಕ್ಕಿಲ್ಲ. ಆದ್ದರಿಂದ ಪ್ರತಿ ಹಳ್ಳವೂ ಒಂದು ದ್ವೀಪ. ಒಂದು ಹಳ್ಳ ಕೆಟ್ಟರೆ ಅಲ್ಲಿನ ಸಂತತಿ ಅಲ್ಲಿಗೇ ಮುಗಿಯುತ್ತದೆ. ಪಕ್ಕದ ಹಳ್ಳದಲ್ಲಿ ಅವು ಸಮೃದ್ಧವಾಗಿದ್ದರೂ ಖಾಲಿಯಾದ ಜಾಗ ಬೇಗನೆ ತುಂಬುವುದಿಲ್ಲ.

ಮರಳಿನೊಳಗಿನ ತೊಟ್ಟಿಲು

ಇದರ ಸಂತಾನಕ್ರಮವನ್ನು ತಿಳಿದರೆ ಅಪಾಯ ಎಲ್ಲಿದೆಯೆಂಬುದು ಸ್ಪಷ್ಟವಾಗುತ್ತದೆ. ಮಳೆಗಾಲದ ಅಬ್ಬರದಲ್ಲಿ ಇದು ಮೊಟ್ಟೆ ಇಡುವುದಿಲ್ಲ. ಇಟ್ಟರೆ ಪ್ರವಾಹ ಕೊಚ್ಚಿಕೊಂಡು ಹೋಗುತ್ತದೆ. ಮುಂಗಾರು ಮುಗಿದು ನೀರಿನ ಮಟ್ಟ ಇಳಿಯುತ್ತ ಬಂದಾಗ, ಬಂಡೆಗಳು ಹೊರಗೆ ಕಾಣತೊಡಗಿದಾಗ, ಇದರ ಸಂತಾನದ ಕಾಲ ಬರುತ್ತದೆ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಅದು ಉತ್ಕರ್ಷದಲ್ಲಿರುತ್ತದೆ. ನಮ್ಮ ಪಂಚಾಂಗದಲ್ಲಿ ಹೇಳುವುದಾದರೆ ಭೂಮಿ ಹುಣ್ಣಿಮೆಯಿಂದ ಸಂಕ್ರಾಂತಿಯ ಹತ್ತಿರದವರೆಗೆ.

ಹೆಣ್ಣು ಕಪ್ಪೆಯು ಹರಿಯುವ ನೀರಿನ ತಳದಲ್ಲಿ ಹಿಂಗಾಲುಗಳಿಂದ ಮರಳು-ನೊರಜುಗಲ್ಲುಗಳನ್ನು ತೋಡಿ ಪುಟ್ಟ ಗುಳಿ ಮಾಡುತ್ತದೆ. ಅದರಲ್ಲಿ ಮೊಟ್ಟೆಯಿಟ್ಟು ಮತ್ತೆ ಅದೇ ಮರಳನ್ನು ಮುಚ್ಚುತ್ತದೆ. ಕನ್ನಡದ ಸಂಶೋಧಕ ಕೆ.ವಿ. ಗುರುರಾಜ ಅವರು 2010ರಲ್ಲಿ ಈ ವಿಶಿಷ್ಟ ಕ್ರಮವನ್ನು ದಾಖಲಿಸಿದರು. ಮೊಟ್ಟೆಯಿಂದ ಹೊರಬಂದ ಗೊದಮೊಟ್ಟೆಗಳು ಎಲ್ಲಿ ಹೋಗುತ್ತವೆ ಎಂಬುದು ಬಹುಕಾಲ ಒಗಟಾಗಿತ್ತು. ಇದೇ ಕುಲದ ಇನ್ನೊಂದು ಪ್ರಭೇದವನ್ನು ಕುರಿತು ದೆಹಲಿ ವಿಶ್ವವಿದ್ಯಾಲಯದ ಮತ್ತು ಶ್ರೀಲಂಕಾದ ಪೆರಾದೇನಿಯ ವಿಶ್ವವಿದ್ಯಾಲಯದ ವಿಜ್ಞಾನಿಗಳನ್ನೊಳಗೊಂಡ ತಂಡವು 2016ರಲ್ಲಿ ಆ ಒಗಟನ್ನು ಬಿಡಿಸಿತು. ಗೊದಮೊಟ್ಟೆಗಳು ಹಳ್ಳದ ತಳದ ಮರಳಿನೊಳಗೇ, ಬೆಳಕಿಲ್ಲದ ಕಡೆ, ಪುಟ್ಟ ಕಪ್ಪೆಗಳಾಗುವವರೆಗೂ ಬದುಕುತ್ತವೆ. ಮೈ ಹಾವುಮೀನಿನಂತೆ ನೀಳ. ಕಣ್ಣುಗಳನ್ನು ಚರ್ಮ ಮುಚ್ಚಿರುತ್ತದೆ. ಮರಳನ್ನು ಸೀಳಿ ನುಸುಳಲು ನೆರವಾಗುವಂತೆ, ಬಹುತೇಕ ಗೊದಮೊಟ್ಟೆಗಳಿಗೆ ಇಲ್ಲದ ಪಕ್ಕೆಲುಬುಗಳು ಇವಕ್ಕಿವೆ. ಮರಳನ್ನೇ ನುಂಗಿ ಅದರಲ್ಲಿ ಬೆರೆತ ಕೊಳೆತ ಸಾವಯವ ಪದಾರ್ಥದಿಂದ ಪೋಷಣೆ ಪಡೆಯುತ್ತವೆ.

ಕೃಷಿಯಲ್ಲಿ ಮಣ್ಣಿನ ರಂಧ್ರಗಳ ಬಗ್ಗೆ ನಾವು ಮಾತನಾಡುತ್ತೇವೆ. ಮಣ್ಣು ಬಿಗಿದುಕೊಂಡರೆ ಬೇರು ಉಸಿರಾಡದು ಎನ್ನುತ್ತೇವೆ. ಹಳ್ಳದ ಮರಳಿಗೂ ಅದೇ ನಿಯಮ. ಕಣಗಳ ನಡುವಿನ ಸಂದುಗಳಲ್ಲಿ ತಣ್ಣನೆಯ, ಆಮ್ಲಜನಕವುಳ್ಳ ನೀರು ಹರಿಯುತ್ತಿರುವಷ್ಟು ಕಾಲ ಮೊಟ್ಟೆ ಮತ್ತು ಮರಿ ಬದುಕುತ್ತವೆ. ಆ ಸಂದುಗಳಿಗೆ ನಯವಾದ ಹೂಳು ತುಂಬಿದರೆ ತೊಟ್ಟಿಲೇ ಗೋರಿಯಾಗುತ್ತದೆ. ಮೇಲೆ ನೀರು ಹರಿಯುತ್ತಲೇ ಇರುತ್ತದೆ, ನೋಡುವವರಿಗೆ ಹಳ್ಳ ಚೆನ್ನಾಗಿಯೇ ಕಾಣುತ್ತದೆ.

ಎರಡು ಪಂಚಾಂಗಗಳ ಘರ್ಷಣೆ

ಈಗ ನಮ್ಮ ಕೃಷಿಯ ಪಂಚಾಂಗವನ್ನು ಇದರ ಪಕ್ಕದಲ್ಲಿಟ್ಟು ನೋಡೋಣ.

ಅಡಿಕೆಗೆ ಬೋರ್ಡೋ ದ್ರಾವಣದ ಮೊದಲ ಸಿಂಪರಣೆ ಮಳೆ ಹಿಡಿಯುವ ಮುನ್ನ. ಎರಡನೆಯದು ಅದಾದ 40-45 ದಿನಗಳ ಮೇಲೆ. ಲೆಸ್ಲಿ ಕೋಲ್ಮನ್ ಅವರು ಮೈಸೂರು ಸಂಸ್ಥಾನದಲ್ಲಿ ಕೊಳೆರೋಗದ ಕಾರಣವನ್ನು ಗುರುತಿಸಿ ಈ ಮದ್ದನ್ನು ಬಳಕೆಗೆ ತಂದು ನೂರು ವರ್ಷ ಮೀರಿದೆ. ಇದನ್ನು ಬಿಟ್ಟುಬಿಡಿ ಎಂದು ನಾನು ಹೇಳಲಾರೆ. ಕೊಳೆ ಬಂದ ವರ್ಷ ತೋಟದವನ ಮನೆಯಲ್ಲಿ ಏನಾಗುತ್ತದೆ ಎಂಬುದನ್ನು ಬಲ್ಲೆ. ಆದರೆ ತಾಮ್ರ ಜಲಚರಗಳಿಗೆ ವಿಷ. ಮೈಲುತುತ್ತ ಕದಡಿದ ಡ್ರಮ್ಮನ್ನೂ ಸಿಂಪರಣೆಯ ಪಂಪನ್ನೂ ಹಳ್ಳದಲ್ಲಿಯೇ ತೊಳೆಯುವುದು ಮದ್ದು ಹೊಡೆಯುವುದಕ್ಕೆ ಅಗತ್ಯವಾದ ಕೆಲಸವಲ್ಲ, ಬರೀ ಅಭ್ಯಾಸಬಲ.

ಅಕ್ಟೋಬರ್-ನವೆಂಬರಿನ ಕೆಲಸಗಳು ಇದಕ್ಕಿಂತ ಹೆಚ್ಚು ಅಪಾಯಕಾರಿ. ಕೊಯ್ಲಿಗೆ ಮುನ್ನ ತೋಟ ಚೊಕ್ಕಟವಾಗಬೇಕೆಂದು ಕಳೆ ತೆಗೆಯುತ್ತೇವೆ. ಕೂಲಿಯಾಳು ಸಿಗದ ಈ ಕಾಲದಲ್ಲಿ ಕತ್ತಿಯ ಬದಲು ಕಳೆನಾಶಕ ಬಂದಿದೆ. ಹಳ್ಳದ ದಡದಲ್ಲಿ ಕಳೆ ಹುಲುಸಾಗಿ ಬೆಳೆಯುವುದರಿಂದ ಅಲ್ಲಿಗೆ ಎರಡು ಕ್ಯಾನು ಹೆಚ್ಚೇ ಬೀಳುತ್ತದೆ. ಮಳೆಗಾಲದಲ್ಲಿ ತೆಳುವಾಗಿ ಹೋಗುತ್ತಿದ್ದ ವಿಷ ಈಗ ನೀರು ಇಳಿದಿರುವಾಗ ದಟ್ಟವಾಗಿಯೇ ಸೇರುತ್ತದೆ. ಅಮೆರಿಕದ ಜೀವಶಾಸ್ತ್ರಜ್ಞ ರಿಕ್ ರೆಲಿಯಾ ಅವರು 2005ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಗ್ಲೈಫೋಸೇಟ್ ಉಳ್ಳ ಕಳೆನಾಶಕ ಬಿದ್ದ ತೊಟ್ಟಿಗಳಲ್ಲಿ ಗೊದಮೊಟ್ಟೆಗಳು ಸಾಮೂಹಿಕವಾಗಿ ಸತ್ತವು. ಮುಖ್ಯ ವಿಷಕ್ಕಿಂತ, ಅದು ಎಲೆಗೆ ಅಂಟಿಕೊಳ್ಳಲೆಂದು ಬೆರೆಸಿದ ಸಾಬೂನಿನಂಥ ಪದಾರ್ಥವೇ ಕಪ್ಪೆಮರಿಗಳಿಗೆ ಹೆಚ್ಚು ಮಾರಕವೆಂದು ತಿಳಿದುಬಂದಿದೆ. ಅವು ಬೇರೆ ದೇಶದ ಬೇರೆ ಕಪ್ಪೆಗಳು ಎಂಬುದು ನಿಜ. ಆದರೆ ತೆಳುಚರ್ಮದಿಂದ ಉಸಿರಾಡುವ ಜೀವಿಗಳಿಗೆಲ್ಲ ಎಚ್ಚರಿಕೆಯ ಮಾತು ಅನ್ವಯಿಸುತ್ತದೆ.

ಇದೇ ತಿಂಗಳುಗಳಲ್ಲಿ ಹಳ್ಳಕ್ಕೆ ಕಟ್ಟ ಕಟ್ಟುತ್ತೇವೆ, ಪಂಪಿನ ಪೈಪು ಇಳಿಸುತ್ತೇವೆ. ಮನೆ ಕಟ್ಟುವವರು ಮರಳು ಎತ್ತುವುದೂ ನೀರು ಇಳಿದ ಈ ಹೊತ್ತಿನಲ್ಲಿಯೇ. ತೋಟಕ್ಕೆ ರಸ್ತೆ ಮಾಡಲು ಜೆಸಿಬಿ ಬರುವುದೂ ಮಳೆ ನಿಂತ ಮೇಲೆಯೇ. ಹೀಗೆ ಕಪ್ಪೆ ಯಾವ ಮೂರು ತಿಂಗಳನ್ನು ಸಂತಾನಕ್ಕೆಂದು ಆರಿಸಿಕೊಂಡಿದೆಯೋ ಅದೇ ಮೂರು ತಿಂಗಳಲ್ಲಿ ನಾವು ಹಳ್ಳಕ್ಕೆ ಕೈಹಾಕುತ್ತೇವೆ. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ. ಎರಡು ಪಂಚಾಂಗಗಳು ಒಂದಕ್ಕೊಂದು ಅಡ್ಡ ಬಂದಿವೆ. ನಮ್ಮದನ್ನು ನಾವು ತಿದ್ದಬಲ್ಲೆವು, ಕಪ್ಪೆ ತನ್ನದನ್ನು ತಿದ್ದಲಾರದು.

ನನ್ನ ಸಲಹೆಯೊಂದರ ಫಲ

ಈ ಮಾತನ್ನು ಹೇಳುವಾಗ ನನ್ನ ಪಾಲಿನ ತಪ್ಪನ್ನೂ ಹೇಳಬೇಕು. ಹದಿನೈದು ವರ್ಷಗಳ ಹಿಂದೆ ಘಟ್ಟದ ಅಂಚಿನ ಒಂದು ಅಡಿಕೆ ತೋಟಕ್ಕೆ ಸಲಹೆ ಕೊಡಲು ಹೋಗಿದ್ದೆ. ತೋಟದಲ್ಲಿ ತೇವ ಹೆಚ್ಚು, ಕೊಳೆ ಹತೋಟಿಗೆ ಬರುತ್ತಿರಲಿಲ್ಲ. ಹಳ್ಳದ ದಡದಲ್ಲಿದ್ದ ವಾಟೆ, ಮುಂಡಿಗೆ, ಹೈಗದ ಮರಗಳನ್ನು ಕಡಿದು ಗಾಳಿ-ಬೆಳಕು ಬಿಡಿಸಲು ಹೇಳಿದೆ. ಬೇಸಿಗೆಯ ನೀರಿಗೆಂದು ವರ್ಷವರ್ಷ ಕಟ್ಟುವ ಕಲ್ಲು-ಸೊಪ್ಪಿನ ಕಟ್ಟದ ಬದಲು ಸಿಮೆಂಟಿನ ಒಡ್ಡು ಹಾಕಲು ಹೇಳಿದೆ. ದಡದಲ್ಲಿ ಮತ್ತೆ ಚಿಗುರಿದ್ದಕ್ಕೆ ಕಳೆನಾಶಕ ಸೂಚಿಸಿದವನೂ ನಾನೇ. ಕೃಷಿವಿಜ್ಞಾನದ ಪಾಠದಂತೆ ಒಂದೊಂದು ಸಲಹೆಯೂ ಸರಿಯಾಗಿಯೇ ಇತ್ತು.

ಮೂರು ವರ್ಷಗಳ ನಂತರ ಹೋದಾಗ ಒಡ್ಡಿನ ಹಿಂದೆ ಮೊಣಕಾಲುದ್ದ ಹೂಳು ತುಂಬಿತ್ತು. ಒಡ್ಡಿನ ಕೆಳಗೆ ಮರಳು ಕೊಚ್ಚಿಹೋಗಿ ಬರಿಯ ಬಂಡೆ ಎದ್ದಿತ್ತು. ಬಿಸಿಲು ಬಿದ್ದ ಕಲ್ಲುಗಳ ಮೇಲೆ ಹಸಿರು ಪಾಚಿ ಹಬ್ಬಿತ್ತು. ಆ ಮನೆಯ ಹುಡುಗ ಮೊದಲ ಸಲ ನನ್ನನ್ನು ಕೈಹಿಡಿದು ಕರೆದೊಯ್ದು "ಕಾಲು ಎತ್ತುವ ಕಪ್ಪೆ" ಎಂದು ತೋರಿಸಿದ್ದ ಬಂಡೆಯ ಮೇಲೆ ಒಂದು ಕಪ್ಪೆಯೂ ಇರಲಿಲ್ಲ. ಮೂರು ಸಲಹೆಗಳಲ್ಲಿ ಯಾವುದು ಅವನ್ನು ಓಡಿಸಿತೆಂದು ವಿಂಗಡಿಸಿ ಹೇಳಲಾರೆ. ಕೊಳೆ ಸ್ವಲ್ಪ ಕಡಿಮೆಯಾಗಿತ್ತು. ಆದರೆ ಫೆಬ್ರವರಿ ಕೊನೆಗೆ ಹಳ್ಳ ಬತ್ತತೊಡಗಿದೆ, ಮೊದಲು ಏಪ್ರಿಲ್‌ವರೆಗೂ ಹರಿಯುತ್ತಿತ್ತು ಎಂದು ಮನೆಯ ಯಜಮಾನರು ಹೇಳಿದರು. ತೋಟವನ್ನು ಮಾತ್ರ ನೋಡಿ ಹಳ್ಳವನ್ನು ನೋಡದ ವಿಜ್ಞಾನ ಅರ್ಧ ವಿಜ್ಞಾನವೆಂಬ ಅರಿವು ನನಗೆ ಆ ದಿನ ಮೂಡಿತು.

ತೋಟದಾಚೆಯ ಕಾರಣಗಳು

ಎಲ್ಲ ಹೊಣೆಯನ್ನೂ ರೈತನ ತಲೆಗೆ ಕಟ್ಟುವುದು ಅನ್ಯಾಯ. ಘಟ್ಟದ ನೆತ್ತಿಯ ತೊರೆಗಳಿಗೆ ಅಡ್ಡಗಟ್ಟೆ ಕಟ್ಟಿ, ನೀರನ್ನು ಕೊಳವೆಗಳಲ್ಲಿ ಕೆಳಗೊಯ್ದು ವಿದ್ಯುತ್ ತೆಗೆಯುವ ಕಿರುಜಲವಿದ್ಯುತ್ ಯೋಜನೆಗಳನ್ನು ಹಸಿರು ಶಕ್ತಿ ಎಂದು ಕರೆಯಲಾಗುತ್ತದೆ. 2006ರ ಪರಿಸರ ಪರಿಣಾಮ ಮೌಲ್ಯಮಾಪನ ಅಧಿಸೂಚನೆಯು 25 ಮೆಗಾವಾಟ್‌ಗಿಂತ ಚಿಕ್ಕ ಜಲವಿದ್ಯುತ್ ಯೋಜನೆಗಳನ್ನು ಪರಿಸರ ಅನುಮತಿಯ ಕಟ್ಟುಪಾಡಿನಿಂದ ಹೊರಗಿರಿಸಿತು. ಅಡ್ಡಗಟ್ಟೆಗೂ ವಿದ್ಯುದಾಗಾರಕ್ಕೂ ನಡುವಿನ ಹಳ್ಳ ಮಳೆಗಾಲ ಮುಗಿದೊಡನೆ ಒಣಗುತ್ತದೆ. ಕುಣಿಯುವ ಕಪ್ಪೆಗೆ ಬೇಕಾದದ್ದು ಅದೇ ಹರಿವು, ಅದೇ ತಿಂಗಳುಗಳಲ್ಲಿ. ಕೆಂಪುಹೊಳೆಯ ಸುತ್ತಲಿನ ಕಾಡಿಗೆ ಕುತ್ತಾಗಿದ್ದ 200 ಮೆಗಾವಾಟಿನ ಗುಂಡ್ಯ ಯೋಜನೆಗೆ ಅನುಮತಿ ಕೊಡಬಾರದೆಂದು ಮಾಧವ ಗಾಡ್ಗೀಳ್ ಅಧ್ಯಕ್ಷತೆಯ ಪಶ್ಚಿಮಘಟ್ಟ ತಜ್ಞರ ಸಮಿತಿ 2011ರಲ್ಲಿ ಶಿಫಾರಸು ಮಾಡಿತು. ನಾರಾಯಣರಾಯರು ಕಪ್ಪೆಯೊಂದನ್ನು ಕಂಡ ಆ ಹೊಳೆ ದೊಡ್ಡ ಯೋಜನೆಯ ವಿರುದ್ಧ ಜನ ದನಿಯೆತ್ತಿದ್ದರಿಂದ ಸುದ್ದಿಯಾಯಿತು. ಚಿಕ್ಕ ಯೋಜನೆಗಳಿಗೆ ಬಲಿಯಾಗುವ ಚಿಕ್ಕ ಹಳ್ಳಗಳು ಸುದ್ದಿಯಾಗುವುದಿಲ್ಲ.

ಮಳೆಯ ಲಯವೂ ಕೆಡುತ್ತಿದೆ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ, 2019ರ ಆಗಸ್ಟಿನಲ್ಲಿ ಚಾರ್ಮಾಡಿ ಮತ್ತು ಮೂಡಿಗೆರೆ ಸೀಮೆಯಲ್ಲಿ ಗುಡ್ಡಗಳು ಜರಿದದ್ದನ್ನು ನಾವು ಕಂಡಿದ್ದೇವೆ. ಜರಿದ ಮಣ್ಣೆಲ್ಲ ಇಳಿದದ್ದು ಹಳ್ಳಕ್ಕೆ. ಕಡಿದಾದ ಇಳಿಜಾರನ್ನು ಕಡಿದು ರಸ್ತೆ, ಹೋಂಸ್ಟೇ ಮಾಡಿದ ಕಡೆಗಳಲ್ಲಿ ಪ್ರತಿ ಮಳೆಗೂ ಕೆಂಪು ಮಣ್ಣು ಇಳಿಯುತ್ತಲೇ ಇರುತ್ತದೆ. ಜಲಪಾತ ನೋಡಲು ಹಳ್ಳದೊಳಗೇ ಜೀಪು ಓಡಿಸುವ ಹುಚ್ಚೂ ಸೇರಿಕೊಂಡಿದೆ. ಅಕ್ಟೋಬರಿನಲ್ಲಿ ಹಠಾತ್ತನೆ ದೊಡ್ಡ ಮಳೆ ಬಂದರೆ ಮೊಟ್ಟೆ ಕೊಚ್ಚಿಹೋಗುತ್ತದೆ. ಬೇಗನೆ ನೀರು ಬತ್ತಿದರೆ ಮರಳು ಒಣಗುತ್ತದೆ. ಮಳೆಯನ್ನು ನಾವು ಹತೋಟಿಯಲ್ಲಿಡಲಾರೆವು. ಆದರೆ ಮಳೆ ಕೆಟ್ಟ ವರ್ಷದಲ್ಲಿಯೂ ಕಪ್ಪೆ ತಾಳಿಕೊಳ್ಳಬೇಕಾದರೆ ಹಳ್ಳಕ್ಕೆ ನೆರಳು, ಮರಳು, ತಿಳಿನೀರು ಇವು ಮೂರಾದರೂ ಉಳಿದಿರಬೇಕು.

ಬೇಲಿಯ ಭಯ

ಒಂದು ಊರಿನ ಸಭೆಯಲ್ಲಿ ಈ ವಿಷಯ ಹೇಳಿ ಮುಗಿಸಿದಾಗ ಹಿರಿಯರೊಬ್ಬರು ಎದ್ದು ನಿಂತರು. "ಡಾಕ್ಟ್ರೇ, ನೀವು ಹೇಳೋದೆಲ್ಲ ಸರಿ. ಇಲ್ಲಿ ಅಪರೂಪದ ಕಪ್ಪೆ ಇದೆ ಅಂತ ನೀವು ಬರೆದುಬಿಟ್ಟರೆ ನಾಳೆ ಇಲಾಖೆಯವರು ಬೇಲಿ ಹಾಕ್ತಾರೆ. ಆಮೇಲೆ ನಾವು ಎಲ್ಲಿಗೆ ಹೋಗೋದು?" ಎಂದರು. ಸಭೆಯಲ್ಲಿ ಯಾರೂ ನಗಲಿಲ್ಲ.

ಆ ಭಯವನ್ನು ಅಜ್ಞಾನವೆಂದು ತಳ್ಳಿಹಾಕುವವರು ಮಲೆನಾಡಿನ ಚರಿತ್ರೆ ತಿಳಿಯದವರು. ಅಣೆಕಟ್ಟಿಗೆಂದು ಎದ್ದವರು, ಉದ್ಯಾನವನಕ್ಕೆಂದು ಎದ್ದವರು, ದರಖಾಸ್ತು ಜಮೀನಿನ ಹಕ್ಕುಪತ್ರಕ್ಕಾಗಿ ವರ್ಷಗಟ್ಟಲೆ ಕಚೇರಿ ಅಲೆಯುತ್ತಿರುವವರು ನಮ್ಮ ನಡುವೆಯೇ ಇದ್ದಾರೆ. 2011ರ ಗಾಡ್ಗೀಳ್ ವರದಿ, 2013ರ ಕಸ್ತೂರಿರಂಗನ್ ವರದಿ, ಅವುಗಳ ಬೆನ್ನಿಗೆ ಒಂದರ ಮೇಲೊಂದು ಕರಡು ಅಧಿಸೂಚನೆ ಬಂದವು; 2024ರ ಜುಲೈಯಲ್ಲಿ ಬಂದದ್ದು ಆರನೆಯದು. ಈ ಅವಧಿಯಲ್ಲಿ ವರದಿಗಳ ಒಳಗೆ ಏನಿದೆ ಎಂಬುದನ್ನು ಊರೂರಿಗೆ ಹೋಗಿ ಕನ್ನಡದಲ್ಲಿ ತಿಳಿಸುವ ಕೆಲಸ ಸಾಕಷ್ಟು ನಡೆಯಲಿಲ್ಲ. ತಿಳಿಸದೆ ಹೋದದ್ದರ ಜಾಗವನ್ನು ಭಯ ತುಂಬಿತು. ಇದರಲ್ಲಿ ಪರಿಸರದ ಕೆಲಸ ಮಾಡುವ ನಮ್ಮ ಪಾಲೂ ಇದೆ.

ಆ ಹಿರಿಯರಿಗೆ ನಾನು ಕೊಟ್ಟ ಉತ್ತರವನ್ನೇ ಇಲ್ಲಿಯೂ ಬರೆಯುತ್ತೇನೆ. ಕಪ್ಪೆ ಮಾಯವಾದರೆ ನಿಮ್ಮ ಜಮೀನು ಭದ್ರವಾಗುವುದಿಲ್ಲ. ಭದ್ರತೆಗೆ ಬೇಕಾದದ್ದು ಹಕ್ಕುಪತ್ರ, ಅದರ ಹೋರಾಟ ಬೇರೆ, ಅದರಲ್ಲಿ ನಾವು ನಿಮ್ಮೊಂದಿಗಿದ್ದೇವೆ. ಇನ್ನು ಕಪ್ಪೆಯ ವಿಷಯದಲ್ಲಿ, ಹೊರಗಿನವರು ಬಂದು ದಾಖಲಿಸುವ ಮುನ್ನ ಊರೇ ದಾಖಲಿಸುವುದು ಮೇಲು. 2002ರ ಜೀವವೈವಿಧ್ಯ ಕಾಯಿದೆಯು ಪ್ರತಿ ಸ್ಥಳೀಯ ಸಂಸ್ಥೆಯಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕೆಂದು ಹೇಳುತ್ತದೆ. ಜನತಾ ಜೀವವೈವಿಧ್ಯ ದಾಖಲಾತಿ ಆ ಸಮಿತಿಯ ಕೆಲಸ. ಬಹಳ ಪಂಚಾಯಿತಿಗಳಲ್ಲಿ ಸಮಿತಿ ಕಾಗದದ ಮೇಲಿದೆ, ದಾಖಲಾತಿ ಬೀರುವಿನಲ್ಲಿದೆ. ಅದನ್ನು ಹೊರಗೆ ತೆಗೆದು ಹಳ್ಳಗಳಿಗೆಂದು ಕೆಲವು ಪುಟಗಳನ್ನು ಸೇರಿಸಿದರೆ, ನಾಳೆ ಮೇಲಿನ ತೊರೆಗೆ ಯಾರಾದರೂ ಕೊಳವೆ ಹಾಕಲು ಬಂದಾಗ ಊರಿನ ಕೈಯಲ್ಲಿ ಒಂದು ಆಧಾರ ಇರುತ್ತದೆ. ಗಣಿಗಾರಿಕೆಯ ವಿರುದ್ಧ ಜನ ಹೋರಾಡಿದ ಅಂಬಾರಗುಡ್ಡವು ಇದೇ ಕಾಯಿದೆಯಡಿಯಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವಾದದ್ದು ಮಲೆನಾಡಿಗರಿಗೆ ತಿಳಿದ ಸಂಗತಿ. ಬೇಲಿಗೆ ಹೆದರಿ ಕಪ್ಪೆಯನ್ನು ಮುಚ್ಚಿಟ್ಟರೆ ಕೊಳವೆಯವರಿಗೆ ದಾರಿ ಸಲೀಸಾಗುತ್ತದೆ.

ನಾವು ಮಾಡಬಹುದಾದದ್ದು

ರೈತಬಂಧುಗಳಲ್ಲಿ ನನ್ನ ಬೇಡಿಕೆಗಳು ದೊಡ್ಡವಲ್ಲ. ಭೂಮಿ ಹುಣ್ಣಿಮೆಯಿಂದ ಸಂಕ್ರಾಂತಿಯವರೆಗೆ ಹಳ್ಳದ ಎರಡೂ ದಡಗಳಲ್ಲಿ ಹತ್ತು ಹೆಜ್ಜೆಯಷ್ಟು ಜಾಗಕ್ಕೆ ಕಳೆನಾಶಕ ಹೊಡೆಯದಿರೋಣ. ಅಲ್ಲಿ ಕಳೆ ಹೆಚ್ಚಿದ್ದರೆ ಕತ್ತಿಯಿಂದ ಸವರೋಣ. ಬುಡ ಕೀಳುವುದು ಬೇಡ, ಬೇರು ದಡದ ಮಣ್ಣನ್ನು ಹಿಡಿದಿರುತ್ತದೆ. ಮದ್ದಿನ ಡ್ರಮ್ಮು ಮತ್ತು ಪಂಪುಗಳನ್ನು ಯಾವ ಕಾಲದಲ್ಲಿಯೂ ಹಳ್ಳದಲ್ಲಿ ತೊಳೆಯುವುದು ಬೇಡ. ತೊಳೆದ ನೀರನ್ನು ತೋಟದ ನಡುವೆ ಗುಂಡಿ ತೋಡಿ ಇಂಗಿಸೋಣ.

ಬೇಸಿಗೆಯ ನೀರಿಗೆ ಕಟ್ಟ ಬೇಕೇ ಬೇಕು. ನಮ್ಮ ಹಿರಿಯರ ಕಲ್ಲು-ಸೊಪ್ಪು-ಮಣ್ಣಿನ ಕಟ್ಟ ಮಳೆಗಾಲದಲ್ಲಿ ಕಿತ್ತುಹೋಗಿ ಮರಳಿಗೆ ದಾರಿ ಬಿಡುತ್ತಿತ್ತು. ಅದು ದೋಷವಾಗಿರಲಿಲ್ಲ, ಗುಣವಾಗಿತ್ತು. ಸಾಧ್ಯವಿದ್ದಲ್ಲಿ ಅದನ್ನೇ ಮುಂದುವರಿಸೋಣ. ಸಾಧ್ಯವಾದರೆ ಒಂದು ತಿಂಗಳು ತಡವಾಗಿ ಕಟ್ಟೋಣ. ಕಟ್ಟಿದ ಮೇಲೂ ಕೆಳಗಿನ ಹರಿವು ಪೂರ್ತಿ ನಿಲ್ಲದಂತೆ ಒಂದು ಕಂಡಿ ಬಿಡೋಣ. ಸಿಮೆಂಟಿನ ಒಡ್ಡು ಈಗಾಗಲೇ ಇದ್ದರೆ ಮಳೆಗಾಲದಲ್ಲಿ ಹಲಗೆ ತೆಗೆದು ಹೂಳು ಹೊರಹೋಗಲು ಬಿಡಬೇಕು.

ಕಿರುಹಳ್ಳಗಳ ಮರಳನ್ನು ವರ್ಷದ ಯಾವ ತಿಂಗಳಲ್ಲಿಯೂ ತೆಗೆಯಬಾರದು. ಮರಿಗಳು ಅಲ್ಲಿ ಸಂಕ್ರಾಂತಿಯ ಬಳಿಕವೂ ಇರುತ್ತವೆ. ದಡದ ವಾಟೆ, ಮುಂಡಿಗೆ, ರಾಮಪತ್ರೆ, ಹೊಳೆಮತ್ತಿಗಳನ್ನು ಉಳಿಸೋಣ. ನೆರಳಿನಿಂದ ಕೊಳೆ ಹೆಚ್ಚುವ ಭಯವಿದ್ದರೆ ತೋಟದ ಬಸಿಗಾಲುವೆಗಳನ್ನು ಆಳ ಮಾಡಿ ತೇವ ತಗ್ಗಿಸಬಹುದು. ಅದಕ್ಕೆ ಹಳ್ಳದ ಮರ ಕಡಿಯಬೇಕಾಗಿಲ್ಲ. ಹದಿನೈದು ವರ್ಷಗಳ ಹಿಂದೆ ನಾನು ಕೊಡಬೇಕಾಗಿದ್ದ ಸಲಹೆ ಇದು.

ವಿದ್ಯಾರ್ಥಿಗಳಿಗೆ ಒಂದು ಕೆಲಸ ಹೇಳುತ್ತೇನೆ. ಈ ಕಪ್ಪೆ ಹಗಲಿನಲ್ಲಿ ಚಟುವಟಿಕೆಯಿಂದ ಇರುವುದರಿಂದ ಇದನ್ನು ಎಣಿಸಲು ರಾತ್ರಿ ಕಾಡು ಅಲೆಯಬೇಕಾಗಿಲ್ಲ. ಹಳ್ಳದ ನೂರು ಹೆಜ್ಜೆ ಉದ್ದವನ್ನು ಗುರುತು ಮಾಡಿಕೊಳ್ಳಿ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಹದಿನೈದು ದಿನಕ್ಕೊಮ್ಮೆ ಅದೇ ಹೊತ್ತಿಗೆ ಹೋಗಿ, ಕೂಗುವ ಗಂಡುಗಳೆಷ್ಟು, ನೀರು ಯಾವ ಕಲ್ಲಿನವರೆಗೆ ಇದೆ, ತಳದಲ್ಲಿ ಮರಳಿದೆಯೋ ಹೂಳಿದೆಯೋ ಬರೆದಿಡಿ. ಹಿಡಿಯಬೇಡಿ, ಕಲ್ಲು ಮಗುಚಬೇಡಿ, ಸಾಧ್ಯವಾದಷ್ಟು ದಡದಲ್ಲಿಯೇ ನಿಲ್ಲಿ. ಒಂದು ಹಳ್ಳದಿಂದ ಇನ್ನೊಂದಕ್ಕೆ ಹೋಗುವ ಮುನ್ನ ಚಪ್ಪಲಿ, ಬೂಟುಗಳನ್ನು ತೊಳೆದು ಒಣಗಿಸಿ. ಕಪ್ಪೆಗಳ ಚರ್ಮಕ್ಕೆ ಹತ್ತುವ ಶಿಲೀಂಧ್ರವೊಂದು ಪಶ್ಚಿಮಘಟ್ಟದಲ್ಲಿಯೂ ಇರುವುದು 2011ರಲ್ಲಿ ವರದಿಯಾಗಿದೆ. ಐದು ವರ್ಷ ಹೀಗೆ ಬರೆದಿಟ್ಟ ಒಂದು ನೋಟ್‌ಬುಕ್ಕು ಯಾವ ಸಂಸ್ಥೆಯ ವರದಿಗೂ ಕಡಿಮೆಯದಲ್ಲ. ನೋಡುವ ಕಣ್ಣಿದ್ದವರಿಗೆ ನಮ್ಮ ಹಳ್ಳಗಳು ಇನ್ನೂ ಬಹಳ ಹೇಳುತ್ತವೆ. ಮೊಟ್ಟೆಗಳಿಗೆ ಕೆಸರು ಮೆತ್ತುವ ಕುಂಬಾರ ಕಪ್ಪೆ ವಿಜ್ಞಾನಕ್ಕೆ ತಿಳಿದದ್ದು 2014ರಲ್ಲಿ, ಅದೇ ಕತ್ತಲೆಕಾನಿನಿಂದ.

ಉಪಯೋ‍ಗವೇನೆಂದು ಕೇಳುವವರಿಗೆ

ಕೃಷಿವಿಜ್ಞಾನಿಯೊಬ್ಬ ಕಪ್ಪೆಯ ಬಗ್ಗೆ ಬರೆದಾಗ ಅದು ಪೀಡೆಕೀಟಗಳನ್ನು ತಿಂದು ಬೆಳೆ ಕಾಯುತ್ತದೆ ಎಂದು ಹೇಳಬೇಕೆಂಬ ನಿರೀಕ್ಷೆ ಇರುತ್ತದೆ. ಗದ್ದೆಯ ಕಪ್ಪೆಗಳ ವಿಷಯದಲ್ಲಿ ಆ ಮಾತು ಸರಿ. ಕಪ್ಪೆಕಾಲುಗಳ ರಫ್ತನ್ನು ನಮ್ಮ ದೇಶ 1987ರಲ್ಲಿ ನಿಷೇಧಿಸಿದಾಗ ಆ ವಾದವೂ ಕೇಳಿಬಂದಿತ್ತು. ಕುಣಿಯುವ ಕಪ್ಪೆಯ ವಿಷಯದಲ್ಲಿ ಹಾಗೆ ಹೇಳಿದರೆ ಸುಳ್ಳಾಗುತ್ತದೆ. ಅದು ಹಳ್ಳದ ಬದಿಯ ಸಣ್ಣ ಹುಳುಗಳನ್ನು ತಿಂದುಕೊಂಡಿರುತ್ತದೆ. ನಿಮ್ಮ ಅಡಿಕೆಗೂ ಕಾಫಿಗೂ ಅದರಿಂದ ಲೆಕ್ಕಕ್ಕೆ ಸಿಗುವ ಲಾಭವೇನೂ ಇಲ್ಲ.

ಆದರೆ ಅದು ಬದುಕಲು ಏನೇನು ಬೇಕೋ ಅದೆಲ್ಲ ನಮಗೂ ಬೇಕು. ಮಳೆ ನಿಂತ ಮೇಲೂ ನಿಲ್ಲದ ಹರಿವು, ಹೂಳಿಲ್ಲದ ತಳ, ತಣ್ಣನೆಯ ನೀರು, ವಿಷವಿಲ್ಲದ ದಡ. ಅದೇ ನೀರು ಅಬ್ಬಿಯ ದಂಬೆಯಲ್ಲಿ ನಮ್ಮ ಅಡುಗೆಮನೆಗೆ ಬರುತ್ತದೆ. ಹಳ್ಳ ಕೆಡುತ್ತಿದೆಯೆಂದು ನಮಗೆ ತಿಳಿಯುವುದು ಬೇಸಿಗೆಯಲ್ಲಿ ಕೊಡ ತುಂಬದಾದಾಗ. ಕಪ್ಪೆಗೆ ಅದು ವರ್ಷಗಳ ಮೊದಲೇ ತಿಳಿದಿರುತ್ತದೆ.

ಇಷ್ಟು ಹೇಳಿದ ಮೇಲೂ, ಲಾಭದ ಮಾತಿಗೇ ಎಲ್ಲವನ್ನೂ ಕಟ್ಟಿಹಾಕಲು ನನಗೆ ಮನಸ್ಸಿಲ್ಲ. ಭೂಮಿ ಹುಣ್ಣಿಮೆಯ ನಸುಕಿನಲ್ಲಿ ಬುಟ್ಟಿ ಹೊತ್ತು ಹೋಗುವ ನಮ್ಮ ತಾಯಂದಿರು ಇಲಿಗೂ ಕಾಗೆಗೂ ಪಾಲು ಇಡುತ್ತಾರೆ. ಅವು ಏನು ಉಪಯೋಗಕ್ಕೆ ಬರುತ್ತವೆಂದು ಕೇಳಿ ಇಡುವುದಿಲ್ಲ. ಆ ಪಾಲಿನಲ್ಲಿ ಹಳ್ಳದ ಕಪ್ಪೆಗೂ ಒಂದು ಭಾಗವಿರಲಿ. ಅದಕ್ಕೆ ಅನ್ನ ಬೇಡ. ಹತ್ತು ಹೆಜ್ಜೆ ದಡ, ಒಂದಿಷ್ಟು ಮರಳು, ಮೂರು ತಿಂಗಳ ನೆಮ್ಮದಿ ಸಾಕು. ಮುಂದಿನ ಹುಣ್ಣಿಮೆಗೆ ಎಡೆ ಇಟ್ಟು ಹಿಂದಿರುಗುವಾಗ ಮಕ್ಕಳನ್ನು ಕರೆದುಕೊಂಡು ಹಳ್ಳದ ಬದಿಯಲ್ಲಿ ಸ್ವಲ್ಪ ಹೊತ್ತು ಕುಳಿತುಕೊಳ್ಳೋಣ. ಬಂಡೆಯ ಮೇಲೆ ಕಾಲು ಚಾಚುವ ಕಪ್ಪೆ ಕಂಡರೆ ಅಲ್ಲಿಯೇ ಎಣಿಕೆ ಆರಂಭಿಸೋಣ. ಕಾಣದಿದ್ದರೆ, ಯಾವ ವರ್ಷದಿಂದ ಕಾಣುತ್ತಿಲ್ಲವೆಂದು ಊರಿನ ಹಿರಿಯರನ್ನು ಕೇಳೋಣ.